ಐವತ್ತರವರೆಗೆ ಎಣಿಸಿದರೆ ಸಾಕೇ?

ಪ್ರಶ್ನೆ: ನಮ್ಮ ಅಂಗನವಾಡಿ ಮಕ್ಕಳು 50ರವರೆಗೆ ಎಣಿಸುತ್ತಾರೆ, ಅ ಆ ಇ ಈ ಒಪ್ಪಿಸುತ್ತಾರೆ. ಆದರೂ ಒಂದನೇ ತರಗತಿಯ ಮೇಷ್ಟ್ರು ‘ಏನೂ ಬರೋದಿಲ್ಲ’ ಅಂತಾರೆ. ನಾವು ಕಲಿಸಿದ್ದು ಎಷ್ಟು ಉಪಯೋಗವಾಗಿದೆ ಎಂದು ಅಳೆಯುವುದು ಹೇಗೆ?
– ಒಬ್ಬ ಅಂಗನವಾಡಿ ಕಾರ್ಯಕರ್ತೆ

ಉತ್ತರ: ಬಾಯಿಪಾಠವನ್ನು ಅಳತೆಗೋಲು ಮಾಡಿಕೊಳ್ಳಬೇಡಿ. 20 ಹುಣಸೆಬೀಜ ಮುಂದಿಟ್ಟು ‘7 ಕೊಡು’ ಎನ್ನಿ. 50 ಎಣಿಸುವ ಮಗು ಬೊಗಸೆ ತುಂಬ ಬಾಚಿ ಕೊಟ್ಟರೆ ಸಂಖ್ಯೆಯ ಅರ್ಥ ಇನ್ನೂ ತಲೆಗೆ ಇಳಿದಿಲ್ಲ. ಅಕ್ಷರಕ್ಕಿಂತ ಮೊದಲು ಕಿವಿ: ‘ಮರ, ಮನೆ, ಹಸು – ಇದರಲ್ಲಿ ಯಾವುದರ ಮೊದಲ ಶಬ್ದ ಬೇರೆ?’ ಸಂತೆಯ ಚಿತ್ರ ತೋರಿಸಿ ಮಾತಾಡಿಸಿ. ಬರೀ ಹೆಸರು ಹೇಳಿತೋ, ವಾಕ್ಯ ಕಟ್ಟಿತೋ ಬರೆದುಕೊಳ್ಳಿ. ‘ಚೆಂಡು ಬುಟ್ಟಿಗೆ ಹಾಕು, ಆಮೇಲೆ ಚಾಪೆ ಮೇಲೆ ಕೂತ್ಕೋ’ ಎಂಬಂಥ ಎರಡು ಹಂತದ ಸೂಚನೆಯೂ ಇರಲಿ. ಒಬ್ಬೊಬ್ಬರನ್ನೇ ಕೂರಿಸಿ, 15 ನಿಮಿಷ ಸಾಕು. ಗುಂಪಿನಲ್ಲಿ ಕೇಳಿದರೆ ಚೂಟಿ ಮಗುವಿನ ಉತ್ತರವನ್ನೇ ಎಲ್ಲರೂ ಹೇಳುತ್ತಾರೆ. ಮನೆಮಾತು ಉರ್ದು, ತುಳು, ಲಂಬಾಣಿಯಾಗಿದ್ದರೆ ಆ ಭಾಷೆಯಲ್ಲೂ ಕೇಳಿ. ಇಲ್ಲದಿದ್ದರೆ ನೀವು ಅಳೆದದ್ದು ಬರೀ ಕನ್ನಡವನ್ನು.

ಜೂನ್‌ನಲ್ಲೊಮ್ಮೆ, ಮಾರ್ಚ್‌ನಲ್ಲೊಮ್ಮೆ, ಇದೇ ಬಗೆಯ ಪ್ರಶ್ನೆಗಳು. ತೊಡಕಿರುವುದು ಇಲ್ಲೇ: 9 ತಿಂಗಳಲ್ಲಿ ಮಗು ತಾನಾಗಿಯೂ ಬೆಳೆಯುತ್ತದೆ, ಆ ಬೆಳವಣಿಗೆಯೆಲ್ಲ ನಿಮ್ಮ ಖಾತೆಗೆ ಸೇರಿಬಿಡುತ್ತದೆ. ಅದಕ್ಕೇ, ಉದಾಹರಣೆಗೆ, ಮಾರ್ಚ್‌ನಲ್ಲಿ 5 ವರ್ಷ 3 ತಿಂಗಳಾದ ಮಕ್ಕಳನ್ನು, ಜೂನ್‌ನಲ್ಲಿ ಅದೇ ವಯಸ್ಸಿಗೆ ಹೊಸದಾಗಿ ಸೇರಿದವರ ಜೊತೆ ಹೋಲಿಸಿ. ಒಂದಿಬ್ಬರನ್ನು ನೋಡಿ ತೀರ್ಮಾನಿಸಬೇಡಿ. ಎರಡು ಮೂರು ವರ್ಷದ ಪಟ್ಟಿ ಕೂಡಿಸಿ.

ಪಟ್ಟಿಯನ್ನು ಮೇಷ್ಟ್ರಿಗೆ ಕೊಡಿ, ಆದರೆ ಪ್ರವೇಶ ನಿರಾಕರಿಸಲು ಅದನ್ನು ಬಳಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರವೇಶದ ವೇಳೆ ಮಗುವನ್ನು ಪರೀಕ್ಷಿಸುವುದನ್ನೇ ನಿಷೇಧಿಸಿದೆ.