ಎದುರಾಳಿಯ ವಾದವನ್ನು ನೀವೇ ಬರೆದುಕೊಟ್ಟಿದ್ದೀರಿ

ಪ್ರಿಯ ಬರಹಗಾರರೇ,

ಕಥೋಲಿಕ ಧರ್ಮಸಭೆ ಸ್ತ್ರೀಯರಿಗೂ ಗುರುದೀಕ್ಷೆ, ಅಂದರೆ ಪಾದ್ರಿಯಾಗುವ ದೀಕ್ಷೆ, ಕೊಡಬೇಕೆಂದು ವಾದಿಸುವ ನಿಮ್ಮ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಕಳಕಳಿ ನಿಜವಾದದ್ದು. ಆದರೆ ಎರಡನೆಯ ಮತ್ತು ನಾಲ್ಕನೆಯ ಪ್ಯಾರಾಗಳು ನನ್ನನ್ನು ಕೆರಳಿಸಿವೆ. ಇಷ್ಟು ಒಳ್ಳೆಯ ಪಕ್ಷವನ್ನು ಹಿಡಿದವರು ಅದನ್ನು ಇಷ್ಟು ಸುಲಭವಾಗಿ ಸೋಲಿಸಬಾರದು.

ಎರಡನೆಯ ಪ್ಯಾರಾದಲ್ಲಿ, ಯೇಸು, ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದ ಹೆಂಗಸಿನೊಡನೆ ಮಾತಾಡಿ ಕಾಲದ ಕಟ್ಟುಪಾಡನ್ನು ಮುರಿದರು ಎನ್ನುತ್ತೀರಿ. ನಾಲ್ಕನೆಯದರಲ್ಲಿ, ಯೇಸು ಆರಿಸಿದ ಹನ್ನೆರಡು ಅಪೊಸ್ತಲರಲ್ಲಿ (ಮುಖ್ಯ ಶಿಷ್ಯರಲ್ಲಿ) ಹೆಣ್ಣಿಲ್ಲದಿರುವುದಕ್ಕೆ ಆ ಕಾಲದ ಕಟ್ಟುಪಾಡೇ ಕಾರಣ ಎನ್ನುತ್ತೀರಿ. ಎರಡನ್ನೂ ಒಟ್ಟಿಗಿಟ್ಟು ಓದಿ. ಸ್ತ್ರೀಯರಿಗೆ ಗುರುದೀಕ್ಷೆ ಇಲ್ಲವೆಂದ 1976ರ ವ್ಯಾಟಿಕನ್ ಘೋಷಣೆ 'ಇಂತೆರ್ ಇನ್ಸಿಗ್ನಿಯೋರೆಸ್' ವಾದಿಸುವುದೇ ಹೀಗೆ: ಬೇರೆಲ್ಲ ಕಡೆ ಸಂಪ್ರದಾಯ ಮೀರಿದವರು ಇಲ್ಲಿ ಮಾತ್ರ ಅದಕ್ಕೆ ಮಣಿದರು ಎನ್ನಲಾಗದು, ಆದ್ದರಿಂದ ಗಂಡಸರನ್ನೇ ಆರಿಸಿದ್ದು ಬೇಕೆಂದೇ. 1994ರಲ್ಲಿ ಪೋಪ್ 2ನೇ ಜಾನ್ ಪಾಲ್ ಅದನ್ನೇ ಇನ್ನಷ್ಟು ಬಿಗಿಯಾಗಿ ಹೇಳಿದರು.

ಕಟ್ಟುಪಾಡಿನ ಮಾತನ್ನು ಪೂರ್ತಿ ಕೈಬಿಡಿ. ಹನ್ನೆರಡು ಎಂಬ ಸಂಖ್ಯೆ ಯಾಕೆ ಎಂದು ಕೇಳಿ. ಬೈಬಲಿನ ಮತ್ತಾಯ 19:28ರಲ್ಲಿ ಆ ಹನ್ನೆರಡು ಮಂದಿ ಇಸ್ರಾಯೇಲಿನ ಹನ್ನೆರಡು ಕುಲಗಳಿಗೆ ನ್ಯಾಯತೀರಿಸುವವರು. ಯೇಸುವಿಗೆ ದ್ರೋಹ ಬಗೆದ ಯೂದನ ಜಾಗಕ್ಕೆ ಮತ್ತೀಯ ಬಂದ. ಆದರೆ ಯೋಹಾನನ ಅಣ್ಣ ಯಾಕೋಬ ಹತನಾದಾಗ (ಅಪೊಸ್ತಲರ ಕೃತ್ಯಗಳು 12:2) ಯಾರನ್ನೂ ಆರಿಸಿದ್ದು ಕಾಣುವುದಿಲ್ಲ. ಅಂದರೆ ಹನ್ನೆರಡು ಮಂದಿ ಇಸ್ರಾಯೇಲಿಗೆ ಕೊಟ್ಟ ಗುರುತು, ಮುಂದಿನ ಗುರುಗಳಿಗೆಲ್ಲ ಅಚ್ಚಲ್ಲ. ಅಚ್ಚೇ ಆಗಿದ್ದರೆ ಗುರುಗಳೆಲ್ಲ ಯೆಹೂದ್ಯರೂ ಆಗಿರಬೇಕಿತ್ತು.

ಇದಕ್ಕೆ ಉತ್ತರ ಬರುತ್ತದೆ: ಗಂಡು-ಹೆಣ್ಣು ಸೃಷ್ಟಿಯಲ್ಲೇ ಇರುವ ಭೇದ, ಕುಲ ಹಾಗಲ್ಲ, ಬಲಿಪೂಜೆಯಲ್ಲಿ ಗುರು ಕ್ರಿಸ್ತನ ಸ್ಥಾನದಲ್ಲಿ ನಿಂತು 'ಇದು ನನ್ನ ದೇಹ' ಎನ್ನುವಾಗ ಅವನು ಕ್ರಿಸ್ತನಂತೆ ಗಂಡಸಾಗಿರುವ ಸಾದೃಶ್ಯ ಬೇಕು. ನಿಜವಾದ ಜಗಳ ಇಲ್ಲಿದೆ, ನೀವು ಇಲ್ಲಿಗೆ ಬಂದೇ ಇಲ್ಲ. ನನಗೆ ಕೆಲಸ ಕಲಿಸಿದ ಹಿರಿಯ ಸಂಪಾದಕರು ಹಾಳೆಯ ನಡುವೆ ಗೆರೆ ಎಳೆಸುತ್ತಿದ್ದರು: ಎಡಕ್ಕೆ ಎದುರಾಳಿಯ ಮಾತು, ಅವರೇ ಓದಿ 'ಹೌದು, ಇದೇ ನಮ್ಮ ಮಾತು' ಎನ್ನುವಂತೆ, ಬಲಕ್ಕೆ ನಮ್ಮ ಉತ್ತರ. ಹಾಗೆ ಬರೆದಿದ್ದರೆ ಎಡಬದಿಯಲ್ಲಿ ಈ ಸಾಲು ತಾನಾಗಿ ಬರುತ್ತಿತ್ತು.

ಬಲಬದಿಗೆ ಸಾಮಗ್ರಿ ಸಾಕಷ್ಟಿದೆ. 4ನೇ ಶತಮಾನದಲ್ಲಿ ದೇವಶಾಸ್ತ್ರಜ್ಞ ನಾಜಿಯಾನ್ಜಸ್‌ನ ಗ್ರೆಗೊರಿ, ಕ್ರಿಸ್ತ ಮನುಷ್ಯನಾದಾಗ ಯಾವುದನ್ನು ಧರಿಸಲಿಲ್ಲವೋ ಅದು ವಾಸಿಯಾಗಿಲ್ಲ ಎಂದರು. ಧರಿಸಿದ್ದು ಮನುಷ್ಯತ್ವವನ್ನಲ್ಲದೆ ಗಂಡಸುತನವನ್ನೇ ಎಂದರೆ ಹೆಣ್ಣಿನ ರಕ್ಷಣೆಯೇ ಪ್ರಶ್ನೆಗೆ ಬೀಳುತ್ತದೆ. ಇನ್ನೊಂದು: ತುರ್ತಿನಲ್ಲಿ ಹೆಂಗಸೂ ದೀಕ್ಷಾಸ್ನಾನ ಕೊಡಬಹುದೆಂದು 1439ರಲ್ಲಿ ಧರ್ಮಸಭೆಯ ಫ್ಲಾರೆನ್ಸ್ ಮಹಾಸಭೆಯೇ ಹೇಳಿದೆ. ಯಾರು ದೀಕ್ಷಾಸ್ನಾನ ಕೊಟ್ಟರೂ ಕೊಡುವವನು ಕ್ರಿಸ್ತನೇ ಎಂಬುದು ಸಂತ ಅಗಸ್ಟೀನರ ಬೋಧನೆ. ಅಲ್ಲಿ ಹೆಣ್ಣಿನ ಕೈಯಿಂದ ಕ್ರಿಸ್ತ ಕೆಲಸ ಮಾಡಬಹುದಾದರೆ ಪೂಜಾಪೀಠದ ಮುಂದೆ ಏಕಾಗದು? ಎರಡೂ ಒಂದೇ ಅಲ್ಲ ಎನ್ನುವರು. ವ್ಯತ್ಯಾಸವನ್ನು ತೋರಿಸುವ ಹೊಣೆ ಆಗ ಅವರದು.

ಇನ್ನು ಗಲಾತ್ಯ 3:28. 'ಗಂಡು ಹೆಣ್ಣು ಎಂಬ ಭೇದವಿಲ್ಲ' ಎಂದು ಉಲ್ಲೇಖಿಸಿ, ಮರುಸಾಲಿನಲ್ಲೇ 'ಆದ್ದರಿಂದ ದೀಕ್ಷೆ' ಎಂದು ಹಾರಿದ್ದೀರಿ. ವಿರೋಧಿಗಳೂ ಆ ವಚನವನ್ನು ನಂಬುತ್ತಾರೆ. ಅದು ರಕ್ಷಣೆಯ ಮಾತು, ಹುದ್ದೆಯ ಮಾತಲ್ಲ ಎನ್ನುತ್ತಾರೆ. ನೀವು ಬಿಟ್ಟ 27ನೇ ವಚನ ಸೇರಿಸಿ: ದೀಕ್ಷಾಸ್ನಾನ ಪಡೆದವರೆಲ್ಲರೂ ಕ್ರಿಸ್ತನನ್ನೇ ಧರಿಸಿಕೊಂಡಿದ್ದಾರೆ. ಕ್ರಿಸ್ತನನ್ನು ಧರಿಸಿಕೊಂಡವಳು ಕ್ರಿಸ್ತನ ಪ್ರತಿನಿಧಿಯಾಗಲಾರಳು ಎನ್ನುವುದು ಹೇಗೆ? ವಚನಕ್ಕೆ ಬಲ ಬರುವುದು ಹೀಗೆ. ಅದನ್ನು ಮೊದಲ ಪುಟದಿಂದ ತೆಗೆದು ಸಾದೃಶ್ಯದ ಚರ್ಚೆಯ ಕೊನೆಗೆ ಇಡಿ.

ಹೆಂಗಸು ಉಪದೇಶ ಮಾಡಬಾರದೆನ್ನುವ 1 ತಿಮೊಥೆ 2:12ರ ಭಾಗ ಬೇರೆಯ ವಿರೋಧಿಗಳಿಗೆ ಸೇರಿದ್ದು. ಅದನ್ನು ಇನ್ನೊಂದು ಲೇಖನಕ್ಕೆ ಎತ್ತಿಡಿ. ನಾಲ್ಕನೆಯ ಪ್ಯಾರಾ ಹೊಸದಾಗಿ ಬರೆದು ಕಳುಹಿಸಿ, ಪ್ರಕಟಿಸುವ ಆಸೆ ನನಗಿದೆ.