ಹಿಕ್ಕೆಯಲ್ಲಿ ಹುಳು ಕಾಣದಿದ್ದರೂ ಕುರಿಗೆ ಜಂತುಬಾಧೆ ಇರಬಹುದೇ? (ಬಾಗಲಕೋಟೆ, ಹಿನ್ನೀರಿನ ದಂಡೆಯಲ್ಲಿ ಮೇಯುತ್ತವೆ, ಗದ್ದದ ಕೆಳಗೆ ಊತ ಬಂದಿದೆ)

ಖಂಡಿತ ಇರಬಹುದು. ಹೆಚ್ಚಿನ ಹುಳುಗಳು ಹಿಕ್ಕೆಯಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಹೊರಗೆ ಬರುವುದು ಮೊಟ್ಟೆ, ಅದನ್ನು ನೋಡಲು ಸೂಕ್ಷ್ಮದರ್ಶಕ ಬೇಕು.

ಗದ್ದದ ಊತಕ್ಕೆ ಮುಖ್ಯವಾಗಿ ಇಬ್ಬರ ಮೇಲೆ ಅನುಮಾನ. ಒಂದು, ಹೊಟ್ಟೆಯಲ್ಲಿ ರಕ್ತ ಹೀರುವ ದುಂಡುಹುಳು. ಇದರ ಮರಿ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಹತ್ತಿ ಕೂತಿರುತ್ತದೆ. ಕುರಿಯ ಕೆಳರೆಪ್ಪೆ ಎಳೆದು ನೋಡಿ, ಬಿಳಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ ಎಂದೇ ಅರ್ಥ.

ಇನ್ನೊಂದು ಲಿವರ್‌ನ ಚಪ್ಪಟೆ ಹುಳು. ನಿಮ್ಮ ಜಾಗ ನೋಡಿದರೆ ನನಗೆ ಇದರ ಮೇಲೇ ಸಂಶಯ ಜಾಸ್ತಿ. ಇದರ ಮರಿ ಸಿಹಿನೀರಿನ ಬಸವನಹುಳುವಿನೊಳಗೆ ಬೆಳೆದು, ಹೊರಬಂದು, ನೀರಂಚಿನ ಹುಲ್ಲಿಗೆ ಅಂಟಿಕೊಳ್ಳುತ್ತದೆ. ಹಿನ್ನೀರು ಇಳಿದಾಗ ಸಿಗುವ ಹಸಿರು ಮೇವು ಅದೇ ಅಲ್ವಾ?

ಪರೀಕ್ಷೆಗೆ ನೆಲದ ಮೇಲಿನ ಹಳೇ ಹಿಕ್ಕೆ ಬೇಡ. ನಾಲ್ಕೈದು ಕುರಿಗಳ ತಾಜಾ ಹಿಕ್ಕೆಯನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ, ಬಿಸಿಲು ತಾಗದಂತೆ ಅವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ. ಚಪ್ಪಟೆ ಹುಳುವಿನ ಸಂಶಯ ಇದೆ ಎಂದು ಬಾಯಿಬಿಟ್ಟು ಹೇಳಿ. ದುಂಡುಹುಳುವಿನ ಮೊಟ್ಟೆ ಉಪ್ಪುನೀರಲ್ಲಿ ತೇಲುತ್ತದೆ, ಚಪ್ಪಟೆ ಹುಳುವಿನದ್ದು ಭಾರ, ತಳದಲ್ಲಿ ಹುಡುಕಬೇಕು. ಇನ್ನೊಂದು ತೊಡಕು: ಸೋಂಕಾಗಿ ಸುಮಾರು ಮೂರು ತಿಂಗಳು ಮೊಟ್ಟೆಯೇ ಬರುವುದಿಲ್ಲ. ವರದಿ ‘ಇಲ್ಲ’ ಎಂದರೂ ನಂಬಿ ಕೂರಬೇಡಿ. ಹಿಂಡಿನಲ್ಲಿ ಒಂದು ಸತ್ತರೆ ಮರಣೋತ್ತರ ಪರೀಕ್ಷೆ ಮಾಡಿಸಿ, ಲಿವರ್ ಕೊಯ್ದರೆ ಹುಳು ಕಣ್ಣಿಗೇ ಕಾಣುತ್ತದೆ.

ಸುಮ್ನೆ ಅಂಗಡಿಯಿಂದ ಆಲ್ಬೆಂಡಜೋಲ್ ಎಂಬ ಜಂತುಹುಳದ ಔಷಧಿ ತಂದು ಕುಡಿಸಬೇಡಿ. ಅದು ಲಿವರ್‌ನ ಎಳೆಯ ಹುಳುಗಳಿಗೆ ನಾಟುವುದಿಲ್ಲ, ಹೊಸದಾಗಿ ಗಬ್ಬವಾದ ಕುರಿಗೆ ಅಪಾಯ ಬೇರೆ.