ಶೆಟ್ಟಿಹಳ್ಳಿ ಚರ್ಚಿನ ಲೇಖನವನ್ನು ಏಕೆ ಹಿಂದಿರುಗಿಸುತ್ತಿದ್ದೇವೆ

ಪ್ರಿಯ ಲೇಖಕರೆ,

ಹಾಸನ ಜಿಲ್ಲೆಯ ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ಚರ್ಚಿನ ಬಗ್ಗೆ ನೀವು ಕಳಿಸಿದ ಹತ್ತು ಪುಟಗಳನ್ನು ಎರಡು ಸಲ ಓದಿದೆವು. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ನಿಮ್ಮ ಕನ್ನಡ ಚೆನ್ನಾಗಿದೆ, ಅದರಲ್ಲಿ ತಕರಾರಿಲ್ಲ. ಆದರೆ ಏಳು ಪುಟ ಬರೀ ನೀರು, ಮಂಜು, ಮುರುಕು ಗೋಡೆ. ಆ ಗೋಡೆಗಳ ನಡುವೆ ಮಂಡಿಯೂರಿದವರು ಯಾರು, ಎಲ್ಲಿಂದ ಬಂದವರು, ಯಾವ ಭಾಷೆಯಲ್ಲಿ ಜಪಸರ ಹೇಳುತ್ತಿದ್ದರು ಎಂಬುದಕ್ಕೆ ಒಂದು ಸಾಲೂ ಇಲ್ಲ. ಧರ್ಮಕೇಂದ್ರದ (ಪ್ಯಾರಿಷ್‌ನ) ಚರಿತ್ರೆ ಎಂದು ತಲೆಬರಹ ಕೊಟ್ಟ ಮೇಲೆ ಜನ ಬರಲೇಬೇಕು.

ಮೊದಲು ತಪ್ಪುಗಳು. ‘1860ರಲ್ಲಿ ಅಬ್ಬೆ ದುಬೋಯಿಸ್ ಕಟ್ಟಿಸಿದರು’ ಎಂದಿದ್ದೀರಿ. ಫ್ರೆಂಚರ ಬಾಯಲ್ಲಿ ಆ ಹೆಸರು ದುಬ್ವಾ, ಕೊನೆಯ ‘ಸ್’ ಕೇಳಿಸುವುದಿಲ್ಲ. ಅದಿರಲಿ. ಈ ಫ್ರೆಂಚ್ ಪಾದ್ರಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದವರು, 1823ರಲ್ಲಿ ಭಾರತ ಬಿಟ್ಟು ಹೋದವರು, 1848ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡವರು. ಸತ್ತು ಹನ್ನೆರಡು ವರ್ಷವಾದ ಮೇಲೆ ಚರ್ಚು ಕಟ್ಟಿಸುವುದು ಹೇಗೆ? ಹಾಸನದ ಹತ್ತಿರದ ಸಾತಹಳ್ಳಿಯ ಬೇಸಾಯದ ನೆಲೆಗೆ ಅವರ ಹೆಸರು ಸೇರಿಕೊಂಡಿದೆ. ಅದನ್ನು ಶೆಟ್ಟಿಹಳ್ಳಿಗೂ ಎಳೆದು ತಂದಿದ್ದೀರಿ.

‘ಬ್ರಿಟಿಷ್ ಎಸ್ಟೇಟ್ ದೊರೆಗಳಿಗಾಗಿ ಫ್ರೆಂಚರು ಕಟ್ಟಿದ್ದು’ ಎಂಬ ಮಾತು ಎಲ್ಲರೂ ಬರೆಯುತ್ತಾರೆಂದು ನೀವೂ ಬರೆದಿದ್ದೀರಿ. ಆ ದೊರೆಗಳಲ್ಲಿ ಬಹುಪಾಲು ಪ್ರಾಟೆಸ್ಟೆಂಟರು. ಅವರಿಗಾಗಿ ಕಥೋಲಿಕ ಗುರುಗಳು, ಅಂದರೆ ಪಾದ್ರಿಗಳು, ಚರ್ಚು ಕಟ್ಟಿದರು ಎನ್ನುವುದಾದರೆ ಆಧಾರ ಬೇಕು. ಜ್ಞಾನಸ್ನಾನದ (ಬ್ಯಾಪ್ಟಿಸಂನ) ಪುಸ್ತಕದ ಮೊದಲ ಐವತ್ತು ಹೆಸರು ತೆಗೆದು ನೋಡಿ, ಅಲ್ಲಿ ಇರುವವರು ದೊರೆಗಳೋ ರೈತರೋ ಅದೇ ಹೇಳುತ್ತದೆ.

ಆ ಪುಸ್ತಕಗಳ ಬಗ್ಗೆಯೇ ಹೆಚ್ಚು ಹೇಳಬೇಕು, ಏಕೆಂದರೆ ನಿಮ್ಮ ನಿಜವಾದ ಲೇಖನ ಇರುವುದು ಅಲ್ಲಿ. ಜ್ಞಾನಸ್ನಾನ, ಮದುವೆ, ಮರಣ, ಹೀಗೆ ಬೇರೆ ಬೇರೆ ದಾಖಲೆ ಇಡಬೇಕೆಂಬುದು 1614ರ ರೋಮನ್ ವಿಧಿಗ್ರಂಥದ ಕಟ್ಟಳೆ. ಮೊದಲು ಈಗಿನ ಚರ್ಚಿನ ಫಾದರ್ ಅವರನ್ನು ಕೇಳಿ, ಆಮೇಲೆ ಚಿಕ್ಕಮಗಳೂರಿನ ಧರ್ಮಾಧ್ಯಕ್ಷರ ಕಚೇರಿಗೆ ಬರೆಯಿರಿ; ಹಾಸನ ಜಿಲ್ಲೆ ಆ ಧರ್ಮಪ್ರಾಂತ್ಯಕ್ಕೆ (ಡಯಾಸಿಸ್‌ಗೆ) ಸೇರಿದ್ದು, ಅದು ಆರಂಭವಾದದ್ದು 1963ರಲ್ಲಿ. ಅದಕ್ಕೂ ಹಿಂದಿನದಕ್ಕೆ ಮೈಸೂರನ್ನು ನೋಡಬೇಕು. ಇನ್ನೊಂದು ಸಂಗತಿ: ಊರು ಸ್ವತಂತ್ರ ಧರ್ಮಕೇಂದ್ರ ಆಗುವ ತನಕ ಅಲ್ಲಿನ ಮಕ್ಕಳ ಹೆಸರನ್ನು ತಾಯಿ ಚರ್ಚಿನ ಪುಸ್ತಕದಲ್ಲಿ ಬರೆಯುತ್ತಿದ್ದರು. ಶೆಟ್ಟಿಹಳ್ಳಿಯ ಪುಸ್ತಕದಲ್ಲಿ ಕಾಣಲಿಲ್ಲ ಎಂದು ಕೈಬಿಡಬೇಡಿ.

ಬರಹ ಲ್ಯಾಟಿನ್, ಬರೆದ ಕೈ ಫ್ರೆಂಚರದು. ಎಡವುವುದು ಇಲ್ಲಿಯೇ. ತಿಂಗಳ ಜಾಗದಲ್ಲಿ 7 ಹಾಕಿ ಪಕ್ಕದಲ್ಲಿ ‘ಬ್ರಿಸ್’ (‘ಸೆಪ್ಟೆಂಬ್ರಿಸ್’ ಪದದ ಬಾಲ) ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಲ್ಯಾಟಿನ್ನಿನಲ್ಲಿ ಸೆಪ್ಟೆಮ್ ಎಂದರೆ ಏಳು, ಹಳೆಯ ರೋಮನ್ ವರ್ಷ ಮಾರ್ಚಿಗೆ ಶುರುವಾಗುತ್ತಿತ್ತು. ಹಾಗೆಯೇ 8 ಅಕ್ಟೋಬರ್, 9 ನವೆಂಬರ್, ರೋಮನ್ ಹತ್ತು (X) ಡಿಸೆಂಬರ್. ಫ್ರೆಂಚರ 1ಕ್ಕೆ ಉದ್ದನೆಯ ಮೂಗು ಇರುತ್ತದೆ, ನಮ್ಮ ಕಣ್ಣಿಗೆ 7ರಂತೆ ಕಾಣುತ್ತದೆ. ಅವರ 7ರ ನಡುವೆ ಅಡ್ಡಗೀಟು ಹುಡುಕಿ. ಹೆಸರುಗಳದ್ದು ಇನ್ನೂ ದೊಡ್ಡ ಪಜೀತಿ. ಅಜ್ಜಿ ‘ನಮ್ಮ ರಾಯಪ್ಪ’ ಎಂದರೆ ಪುಸ್ತಕದಲ್ಲಿ ಪೇತ್ರುಸ್ ಇರುತ್ತಾನೆ. ಚಿನ್ನಪ್ಪ ಪಾವ್ಲುಸ್, ಚೌರಪ್ಪ ಕ್ಸವೇರಿಯುಸ್. ಈ ರೂಪಗಳು ತಮಿಳು ಕ್ರೈಸ್ತರ ಬಳಕೆಯಿಂದ ಬಂದವು, ಅದೇ ಒಂದು ಪ್ಯಾರಾ ಆಗುತ್ತದೆ. ಮೊದಲು ಅಕ್ಷರಕ್ಕೆ ಅಕ್ಷರ ನಕಲು ಮಾಡಿಕೊಳ್ಳಿ, ಅರ್ಥ ಬಿಡಿಸುವುದು ಆಮೇಲೆ. ಫೋಟೋ ತೆಗೆಯುವ ಮುನ್ನ ಲಿಖಿತ ಅನುಮತಿ ಪಡೆಯಿರಿ. ಬದುಕಿರುವವರ ವಿವರ ಲೇಖನಕ್ಕೆ ಬೇಡ.

ಮದುವೆಯ ಪುಸ್ತಕದಲ್ಲಿ ‘ವಿನಾಯಿತಿ’ಯ ಟಿಪ್ಪಣಿಗಳನ್ನು ಎಣಿಸಿ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮ ಕಡೆಯ ರೂಢಿ; ಕಥೋಲಿಕ ಧರ್ಮಸಭೆಯ ನಿಯಮಕ್ಕೆ ಅದು ಅಡ್ಡಿ. ಗುರುಗಳು ಎಷ್ಟು ಸಲ ವಿನಾಯಿತಿ ಪಡೆದರು ಎಂಬುದರಲ್ಲಿ ಊರಿನ ನೆಂಟಸ್ತಿಕೆ ಪೂರ್ತಿ ಇದೆ. ಮರಣದ ಪುಸ್ತಕದಲ್ಲಿ 1876ರಿಂದ 1878ರವರೆಗಿನ ಪುಟ ಬಿಡಬೇಡಿ, ಅದು ಮೈಸೂರು ಸೀಮೆಯ ಮಹಾ ಬರದ ಕಾಲ. ವರ್ಷಕ್ಕೆಷ್ಟು ಸಾವು ಎಂದು ಹತ್ತು ವರ್ಷದ ಪಟ್ಟಿ ಮಾಡಿದರೆ ಸಾಕು.

ಬೆಲ್ಲ, ಮೊಟ್ಟೆಯ ಗಾರೆಗೆ ಒಂದೂವರೆ ಪುಟ ಕೊಟ್ಟಿದ್ದೀರಿ. ಸುಣ್ಣದ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸುವ ಪದ್ಧತಿ ದಕ್ಷಿಣದಲ್ಲಿ ಇದ್ದದ್ದು ನಿಜ. ಈ ಗೋಡೆಯಲ್ಲಿ ಅದು ಇದೆಯೇ ಎಂದು ಹೇಳಬೇಕಾದದ್ದು ಪ್ರಯೋಗಾಲಯ. ಆ ತನಕ ‘ಊರವರು ಹೇಳುತ್ತಾರೆ’ ಎಂದಷ್ಟೇ ಬರೆಯಿರಿ. ಇನ್ನು ‘ಗೋಥಿಕ್’: ಯುರೋಪಿನಲ್ಲಿ ಆ ಶೈಲಿ ಹದಿನಾರನೆಯ ಶತಮಾನದ ಹೊತ್ತಿಗೆ ಹಿಂದೆ ಸರಿದಿತ್ತು, ಇದು ಹತ್ತೊಂಬತ್ತನೆಯ ಶತಮಾನದ ಪುನರುಜ್ಜೀವನ. ಆ ಒಂದು ಪದ ಸೇರಿಸಿ, ಸಾಕು.

‘ಜೂನ್‌ನಿಂದ ಅಕ್ಟೋಬರ್‌ವರೆಗೆ ಮುಳುಗಿರುತ್ತದೆ’ ಎಂಬುದೂ ಸಡಿಲ ಮಾತು. ಮುಳುಗುವುದು ಜಲಾಶಯದ ಮಟ್ಟದ ಮೇಲೆ ನಿಂತಿದೆ. ಹೇಮಾವತಿಯ ಪೂರ್ಣ ಮಟ್ಟ 2,922 ಅಡಿ, ಸಾಮರ್ಥ್ಯ ಸುಮಾರು 37 ಟಿಎಂಸಿ. ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಕೈಕೊಟ್ಟ ವರ್ಷ ಆಗಸ್ಟ್‌ನಲ್ಲೂ ನೆಲ ಕಾಣಬಹುದು. ನೀವು ಹೋದ ದಿನದ ಮಟ್ಟವನ್ನು ದಿನಪತ್ರಿಕೆಯಲ್ಲಿ ನೋಡಿ, ನೀರು ಎಲ್ಲಿಯವರೆಗೆ ಬಂದಿತ್ತೆಂದು ಜೊತೆಗೆ ಬರೆಯಿರಿ. ಅಳತೆ ತೆಗೆಯುವುದಿದ್ದರೆ ಏಪ್ರಿಲ್, ಮೇ ಒಳ್ಳೆಯದು. ಸೂರಿಲ್ಲದ ಗೋಡೆಯ ನೆತ್ತಿಗೆ ಮಳೆ, ಬುಡಕ್ಕೆ ನೀರು, ಬಿರುಕಿಗೆ ಗಿಡದ ಬೇರು. ಕಮಾನಿನ ಕೆಳಗೆ ನಿಲ್ಲಬೇಡಿ.

ಮುಳುಗಡೆಯ ಭಾಗ ಎರಡೇ ಸಾಲಿನಲ್ಲಿ ಮುಗಿದಿದೆ. ಭೂಸ್ವಾಧೀನದ ಗೆಜೆಟ್ ಅಧಿಸೂಚನೆಯಲ್ಲಿ ಸರ್ವೆ ನಂಬರು, ವಿಸ್ತೀರ್ಣ ಇರುತ್ತದೆ. ಚರ್ಚಿನ ಜಮೀನಿನದನ್ನು ಹುಡುಕಿ. ಊರು ಬಿಟ್ಟವರನ್ನು ‘ಹೇಗನ್ನಿಸಿತು’ ಎಂದು ಕೇಳಿದರೆ ‘ಬೇಜಾರಾಯ್ತು’ ಎನ್ನುತ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಗಂಟೆ ಎಲ್ಲಿಗೆ ಹೋಯಿತು, ಮಾತೆಯ ಸ್ವರೂಪವನ್ನು (ಪ್ರತಿಮೆಯನ್ನು) ಯಾರು ಹೊತ್ತರು, ಸಮಾಧಿಗಳನ್ನು ಏನು ಮಾಡಿದರು ಎಂದು ಕೇಳಿ.

ಗುರುಗಳ ಹೆಸರು ಸಿಕ್ಕರೆ ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ದಾಖಲೆಯಲ್ಲಿ ಹುಡುಕಿ. ತನ್ನ ಗುರುಗಳ ಕಿರುಪರಿಚಯ ಅಲ್ಲಿದೆ, ಫ್ರೆಂಚಿನಲ್ಲಿ.

‘ಟೈಟಾನಿಕ್ ಚರ್ಚ್’ ಎಂಬ ಉಪಶೀರ್ಷಿಕೆ ತೆಗೆಯಿರಿ, ಹಡಗು ಬೇಸಗೆಯಲ್ಲಿ ಮೇಲೆ ಬರುವುದಿಲ್ಲ. ನಾಲ್ಕು ಪುಟ ಸಾಕು. ಡ್ರೋನ್ ಚಿತ್ರದ ಬದಲು ಹಳೆಯ ದಾಖಲೆಯ ಒಂದು ಪುಟದ ಚಿತ್ರ, ಅದರ ಪಕ್ಕದಲ್ಲೇ ನಿಮ್ಮ ಕನ್ನಡ ನಕಲು ಇಟ್ಟು ಕಳಿಸಿ.

ಸಂಪಾದಕರು